ಪಶ್ಚಿಮಕ್ಕೆ ವ್ಯೂ ಇದ್ದ ಸೈಟಲ್ಲಿ ಮನೆ ಕಟ್ಟಿದ್ದು: ನನ್ನ ಅನುಭವ

ಅಕ್ಕ-ಭಾವ ಸೈಟ್ ತಗೊಂಡ ದಿನಾನೇ ಭಾವ ಫೋನ್ ಮಾಡಿ "ನೋಡಪ್ಪ, ಪಶ್ಚಿಮಕ್ಕೆ ಪೂರ್ತಿ ಕಣಿವೆ ಕಾಣುತ್ತೆ, ಆ ಕಡೆ ಗೋಡೆನೇ ಬೇಡ, ಇಡೀ ಗಾಜೇ ಇರ್ಲಿ, ಮಿಕ್ಕಿದ್ದು ನೀನು ಹೇಗ್ ಬೇಕಾದ್ರೂ ಮಾಡ್ಕೋ" ಅಂದ್ರು. ನಾನು ಆರ್ಕಿಟೆಕ್ಟ್ ಆಗಿ ಹದಿನಾಲ್ಕು ವರ್ಷ ಆಗಿತ್ತು, ಅಂದ್ರೆ ಸೈಟ್ ನೋಡೋಕೆ ಮುಂಚೆನೇ ಪ್ಲಾನ್ ಎಳೆಯೋ ಕೆಟ್ಟ ಧೈರ್ಯ ಬಂದಿತ್ತು, ಎಳೆದೂ ಇಟ್ಟಿದ್ದೆ, ಪೇಪರ್ ಮೇಲೆ ಚೆನ್ನಾಗೇ ಇತ್ತು. ಅದ್ರಲ್ಲಿ ಕೊನೆಗೆ ಬದಲಾಗದೆ ಉಳಿದಿದ್ದು ಬಚ್ಚಲುಮನೆ ಅಳತೆ ಒಂದೇ.

ಸೈಟು 60 ಅಡಿ ಅಗಲ, 90 ಅಡಿ ಉದ್ದ. ಪೂರ್ವಕ್ಕೆ ರಸ್ತೆ, ಅಲ್ಲಿಂದ ಪಶ್ಚಿಮಕ್ಕೆ 6 ಅಡಿ ಇಳಿಜಾರು, ವಾಯುವ್ಯ ಮೂಲೇಲಿ ಒಂದು ದೊಡ್ಡ ಮರ, ಕೊಂಬೆಗಳು ಹರಡಿರೋದೇ ಸುಮಾರು 40 ಅಡಿ. ಲೋನು, ಪರ್ಮಿಷನ್ನು ಅಂತ ಎಂಟು ತಿಂಗಳು ತಡ ಆಯ್ತು, ಅಕ್ಕ ಬೈಕೊಳ್ತಿದ್ಳು, ನನಗೆ ಮಾತ್ರ ಅದು ಒಳ್ಳೇದೇ ಆಯ್ತು, ಯಾಕಂದ್ರೆ ಆ ಎಂಟು ತಿಂಗಳು ಬೇರೆ ಬೇರೆ ಕಾಲದಲ್ಲಿ ಹೋಗಿ ಸುಮ್ನೆ ಕೂತು ನೋಡೋಕೆ ಸಿಕ್ತು.

ಮೊದಲು ಮಾಡಿದ ಕೆಲಸ ಒಂದು ಕೋಲು ನೆಟ್ಟಿದ್ದು. ಫೋನ್ ಕಂಪಾಸ್ ನಂಬಬೇಡಿ, ಕಬ್ಬಿಣ ಹತ್ರ ಇದ್ರೆ ಅದು ಎಲ್ಲೆಲ್ಲೋ ತೋರ್ಸುತ್ತೆ, ಸರಿಯಾಗಿದ್ರೂ ಅದು ತೋರ್ಸೋದು ಆಯಸ್ಕಾಂತದ ಉತ್ತರ, ನಿಜವಾದ ಉತ್ತರಕ್ಕೂ ಅದಕ್ಕೂ ಕೆಲವು ದೇಶಗಳಲ್ಲಿ 10-15 ಡಿಗ್ರಿ ವ್ಯತ್ಯಾಸ ಇರುತ್ತೆ. ಕೋಲಿನ ಲೆಕ್ಕ ಸುಲಭ. ಮಟ್ಟಸ ಮಾಡಿದ ನೆಲದಲ್ಲಿ ಕೋಲು ನೆಟ್ಟಗೆ ನಿಲ್ಸಿ ಸುತ್ತ ಒಂದು ವೃತ್ತ ಎಳೀಬೇಕು, ಬೆಳಗ್ಗೆ ನೆರಳಿನ ತುದಿ ವೃತ್ತನ ಮುಟ್ಟೋ ಕಡೆ ಒಂದು ಕಲ್ಲು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟೋ ಕಡೆ ಇನ್ನೊಂದು ಕಲ್ಲು, ಎರಡನ್ನೂ ದಾರದಲ್ಲಿ ಸೇರಿಸಿದ್ರೆ ಪೂರ್ವ-ಪಶ್ಚಿಮ. ಗಂಟೆಗೊಂದು ಕಲ್ಲು ಇಡ್ತಾ ಹೋದೆ, ಸಂಜೆ ಹೊತ್ತಿಗೆ ಇಡೀ ದಿನದ ಸೂರ್ಯ ನೆಲದ ಮೇಲೆ ಸಾಲಾಗಿ ಕೂತಿತ್ತು. ಮೇಸ್ತ್ರಿ ಬಂದು ನೋಡಿ "ಏನ್ ಸಾರ್, ಇಷ್ಟು ಬೇಗ ಪಾಯದ ಮಾರ್ಕಿಂಗಾ?" ಅಂದ್ರು. ಒಂಥರಾ ಹೌದು ಅಂದೆ.

ಲೆಕ್ಕನೂ ಹೇಳ್ಬಿಡ್ತೀನಿ, ಯಾಕಂದ್ರೆ ಸಾಫ್ಟ್‌ವೇರ್ ಇಲ್ದೇನೇ ಇದು ಬರುತ್ತೆ. ಮಾರ್ಚ್ ಮತ್ತು ಸೆಪ್ಟೆಂಬರಲ್ಲಿ ಹಗಲು-ರಾತ್ರಿ ಸಮ ಇರೋ ದಿನ, ನಡುಮಧ್ಯಾಹ್ನದ ಸೂರ್ಯನ ಎತ್ತರ ಅಂದ್ರೆ 90ರಲ್ಲಿ ನಿಮ್ಮ ಅಕ್ಷಾಂಶ ಕಳೆದ್ರೆ ಬರೋದು. ಉತ್ತರ ಗೋಳಾರ್ಧದಲ್ಲಿ ಡಿಸೆಂಬರ್ ಕೊನೆಗೆ ಅದ್ರಲ್ಲಿ ಇನ್ನೂ 23.4 ಕಳೀರಿ, ಜೂನ್ ಕೊನೆಗೆ 23.4 ಕೂಡ್ಸಿ. ನಮ್ಮ ಸೈಟು ಸಮಭಾಜಕದಿಂದ 15 ಡಿಗ್ರಿ ಉತ್ತರಕ್ಕಿದೆ, ಹಾಗಾಗಿ ಮಾರ್ಚಲ್ಲಿ 75, ಡಿಸೆಂಬರಲ್ಲಿ ಹತ್ತಿರ ಹತ್ತಿರ 52, ಜೂನಲ್ಲಿ 98 ಬರುತ್ತೆ, ಅಂದ್ರೆ ಸೂರ್ಯ ನೆತ್ತಿ ದಾಟಿ 8 ಡಿಗ್ರಿ ಉತ್ತರಕ್ಕೆ ವಾಲಿರ್ತಾನೆ. 50 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಮಧ್ಯಾಹ್ನ ಸೂರ್ಯ ಏರೋದು ಬರೀ 16-17 ಡಿಗ್ರಿ. ಅಲ್ಲಿನೋರಿಗೆ ಬಿಸಿಲು ಒಳಗೆ ಬಂದ್ರೆ ಹಬ್ಬ. ನಾವು ಮ್ಯಾಗಜೀನಲ್ಲಿ ನೋಡಿ ಬಾಯಿ ಬಿಡೋ ಗಾಜಿನ ಮನೆಗಳಲ್ಲಿ ತುಂಬಾನೇ ಆ ಕಡೆಯವು, ಫೋಟೋ ಹೊಡೆದಿರೋದೂ ಸಂಜೆ ತಂಪು ಬೆಳಕಲ್ಲಿ.

ಈಗ ಭಾವನ ಗಾಜಿನ ಗೋಡೆ ವಿಷಯ. ದಕ್ಷಿಣದ ಕಿಟಕಿಗೆ 3 ಅಡಿ ಸಜ್ಜಾ ಕೊಟ್ರೆ ಡಿಸೆಂಬರ್ ಮಧ್ಯಾಹ್ನಕ್ಕೂ ಅದರ ಕೆಳಗೆ ಸುಮಾರು 3.8 ಅಡಿ ನೆರಳು ಸಿಗುತ್ತೆ, ಮಾರ್ಚಲ್ಲಂತೂ 11 ಅಡಿ, ಆ ದಿಕ್ಕು ತಲೆನೋವೇ ಅಲ್ಲ. ಪಶ್ಚಿಮ ಹಾಗಲ್ಲ. ಮಾರ್ಚಲ್ಲಿ ಸಂಜೆ 4ಕ್ಕೆ ಸೂರ್ಯ 29 ಡಿಗ್ರಿಗೆ ಇಳಿದಿರ್ತಾನೆ, ಅದೇ 3 ಅಡಿ ಸಜ್ಜಾ ಕೆಳಗೆ ಒಂದೂಮುಕ್ಕಾಲು ಅಡಿ ನೆರಳೂ ಬರಲ್ಲ. 8 ಅಡಿ ಆಳದ ವರಾಂಡಾ ಮಾಡಿ, ಅದರ ತೊಲೆ 8 ಅಡಿ ಎತ್ತರದಲ್ಲಿದೆ ಅಂದ್ಕೊಳ್ಳಿ, ಆಗ್ಲೂ 4 ಗಂಟೆಗೆ ಗೋಡೆಯ ಕೆಳಗಿನ ಮೂರೂವರೆ ಅಡಿ ಬಿಸಿಲೇ, 5 ಗಂಟೆಗೆ ಆರಡಿ. ಇದನ್ನ ಸ್ಕೆಚ್ ಮಾಡಿ ಭಾವಂಗೆ ತೋರ್ಸಿದ್ರೆ "ಕರ್ಟನ್ ಹಾಕೋಣ ಬಿಡು" ಅಂದ್ರು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಕರ್ಟನ್ ಎಳೆದ್ರೆ ಶಾಖ ಒಳಗೇ ಉಳೀತು, ವ್ಯೂನೂ ಹೋಯ್ತು, ಗಾಜಿನ ದುಡ್ಡೂ ಹೋಯ್ತು.

ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ ಅಮೆರಿಕದ ಇಲಿನಾಯ್‌ನಲ್ಲಿ ಕಟ್ಟಿದ ಫಾರ್ನ್ಸ್‌ವರ್ತ್ ಮನೆ ಕಥೆನೂ ಹೇಳಿದೆ, 1951ರದ್ದು, ನಾಲ್ಕೂ ಕಡೆ ಗಾಜು, ನೋಡೋಕೆ ಅದ್ಭುತ, ವಾಸಕ್ಕೆ ಬಂದ ಡಾಕ್ಟರಮ್ಮ ಮಾತ್ರ ಸೆಖೆ ತಡೀಲಾರದೆ ಒದ್ದಾಡಿದ್ರು, ಅವರಿಗೂ ಮೀಸ್‌ಗೂ ಜಗಳ ಕೋರ್ಟಿಗೂ ಹೋಗಿತ್ತು. ನದಿ ಪಕ್ಕ ಅಂತ ನೆಲದಿಂದ ಐದಡಿಗೂ ಮೇಲೆ ಎತ್ತಿ ಕಟ್ಟಿದ್ರೂ 1954ರಲ್ಲಿ ನೀರು ಒಳಗೆ ಬಂತು, 1996ರಲ್ಲಿ ಮತ್ತೆ ಬಂತು. ಭಾವ ನೀರಿನ ಮಾತು ಕೇಳಿದ್ಮೇಲೆ ಸ್ವಲ್ಪ ಗಂಭೀರ ಆದ್ರು. ಆಮೇಲೆ ಅಮೆರಿಕದ್ದೇ ಇನ್ನೊಂದು ಹೆಸರಾಂತ ಮನೆ, ಫಾಲಿಂಗ್‌ವಾಟರ್ ತೋರ್ಸಿದೆ. ಮನೆ ಯಜಮಾನ ಕೌಫ್‌ಮನ್ ಜಲಪಾತ ಎದುರಿಗೆ ಕಾಣೋ ಹಾಗೆ ಮನೆ ಬರುತ್ತೆ ಅಂದ್ಕೊಂಡಿದ್ರೆ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ 1935ರ ಪ್ಲಾನಲ್ಲಿ ಮನೇನ ಜಲಪಾತದ ಮೇಲೇ ತಂದು ಕೂರಿಸ್ದ, ಒಳಗೆ ಕೂತೋರಿಗೆ ಸದ್ದು ಕೇಳುತ್ತೆ, ನೀರು ನೋಡ್ಬೇಕು ಅಂದ್ರೆ ಎದ್ದು ಹೋಗ್ಬೇಕು. ವ್ಯೂ ಇಪ್ಪತ್ನಾಕು ಗಂಟೆ ಗೋಡೆ ತುಂಬ ಇದ್ರೆ ಒಂದು ತಿಂಗಳಲ್ಲಿ ವಾಲ್‌ಪೇಪರ್ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ, ಭಾವ ಇವತ್ತಿಗೂ ಒಪ್ಪಲ್ಲ.

ದಾರಿ ತೋರಿಸಿದ್ದು ಮರ. ಸೂರ್ಯ ನೇರ ಪಶ್ಚಿಮಕ್ಕೆ ಮುಳುಗೋದು ವರ್ಷಕ್ಕೆ ಎರಡೇ ದಿನ, ನಮ್ಮ ಅಕ್ಷಾಂಶದಲ್ಲಿ ಜೂನಲ್ಲಿ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದು ಮುಳುಗ್ತಾನೆ. ಮರ ಇರೋದು ವಾಯುವ್ಯಕ್ಕೆ. ಅಂದ್ರೆ ಮೇ-ಜೂನಲ್ಲಿ ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಸೂರ್ಯ ಮರದ ಹಿಂದೆ ಇರ್ತಾನೆ! ನಾನು ಮೊದಲ ಪ್ಲಾನಲ್ಲಿ ಆ ಮರದ ಕಡೆ ಕಾರ್ ನಿಲ್ಸೋ ಜಾಗ ಮಾಡಿ, ಹಾಲ್‌ನ ನೈಋತ್ಯಕ್ಕೆ ಹಾಕಿದ್ದೆ. ಅದನ್ನ ಅಡಿಮೇಲು ಮಾಡಿ ಹಾಲ್‌ನ ಮರದ ಹಿಂದಕ್ಕೆ ತಂದೆ. ಕಣಿವೆ ಕೊಂಬೆಗಳ ಕೆಳಗಿಂದ ಕಾಣುತ್ತೆ. ಇಡೀ ಗೋಡೆ ಗಾಜಿನ ಬದಲು 6 ಅಡಿ ಅಗಲದ ಒಂದೇ ಕಿಟಕಿ, ಸಿಲ್, ಅಂದ್ರೆ ಕಿಟಕಿಯ ಕೆಳಗಿನ ಅಂಚು, ಬರೀ ಒಂದೂವರೆ ಅಡಿ ಎತ್ತರ, ಅಲ್ಲೇ ಕೂರೋ ಹಾಗೆ. ಹೊರಗೆ ವರಾಂಡಾ, ಅದರ ಅಂಚಿಗೆ ಜರುಗಿಸೋ ಲೂವರ್, ಅಂದ್ರೆ ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳ ತಡಿಕೆ.

ಮರ ಉಳಿಸ್ಕೊಬೇಕು ಅಂದ್ರೆ ಬೇರು ಉಳೀಬೇಕು, ಬಹಳ ಜನ ಕಾಂಡಕ್ಕೆ ಕಟ್ಟೆ ಕಟ್ಟಿ ಬೇರಿನ ಮೇಲೆ ಒಂದಡಿ ಮಣ್ಣು ತುಂಬಿಬಿಡ್ತಾರೆ, ಗಾಳಿ ಸಿಗದೆ ಕೆಲವು ವರ್ಷದಲ್ಲಿ ಮರ ಒಣಗಬಹುದು, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಕೊಂಬೆ ಹರಡಿರೋ ಅಷ್ಟು ಜಾಗದಲ್ಲಿ ಜೆಸಿಬಿ ಬಿಡಲಿಲ್ಲ, ಉದ್ದಕ್ಕೆ ಪಾಯ ತೋಡೋ ಬದಲು ಕೈಯಲ್ಲಿ ಬಿಡಿ ಬಿಡಿ ಗುಂಡಿ ತೆಗೆಸಿ, ದಪ್ಪ ಬೇರು ಸಿಕ್ಕಿದ ಕಡೆ ಗುಂಡಿನೇ ಜರುಗಿಸಿ, ಮೇಲೆ ಪ್ಲಿಂತ್ ಬೀಮ್, ಅಂದ್ರೆ ಗೋಡೆ ಹೊರೋ ಕಾಂಕ್ರೀಟ್ ತೊಲೆ, ದಾಟಿಸಿದ್ವಿ. ಮೇಸ್ತ್ರಿಗೆ ಇದು ಇಷ್ಟ ಆಗಲಿಲ್ಲ, ಕೆಲಸ ನಿಧಾನ ಅಂತ.

ಇಳಿಜಾರನ್ನ ಮಟ್ಟ ಮಾಡೋಕೆ ಎಲ್ಲರೂ ಹೇಳಿದ್ರು. ಪಾರದರ್ಶಕ ಪೈಪಲ್ಲಿ ನೀರು ತುಂಬಿ 10 ಅಡಿಗೊಂದು ಗೂಟ ಹೊಡೆದು ಲೆವೆಲ್ ತಗೊಂಡಾಗ ಗೊತ್ತಾಗಿದ್ದು, ಮನೆ ಬರೋ ಜಾಗದಲ್ಲಿ ಇಳಿಜಾರು ಸುಮಾರು 3 ಅಡಿ ಮಾತ್ರ. ಮಣ್ಣು ತುಂಬೋ ಬದಲು ನೆಲನ ಮಧ್ಯದಲ್ಲಿ ಆರು ಮೆಟ್ಟಿಲು ಇಳಿಸ್ದೆ, ಸೂರು ಮಾತ್ರ ಒಂದೇ ಮಟ್ಟ. ಪೂರ್ವದ ರೂಮುಗಳ ಎತ್ತರ ಒಂಬತ್ತೂವರೆ ಅಡಿ, ಹಾಲ್‌ಗೆ ಬಂದ್ರೆ ಹನ್ನೆರಡೂವರೆ. ಬೆಳಕಿಗೆ ಇದು ಯಾಕೆ ಮುಖ್ಯ ಅಂದ್ರೆ, ಕಿಟಕಿಯ ಮೇಲಂಚು ಎಷ್ಟು ಎತ್ತರ ಇದೆಯೋ ಅದರ ಎರಡು-ಎರಡೂವರೆ ಪಟ್ಟು ಆಳಕ್ಕೆ ಮಾತ್ರ ಹಗಲ ಬೆಳಕು ಚೆನ್ನಾಗಿ ಹೋಗುತ್ತೆ. 7 ಅಡಿ ಲಿಂಟಲ್ ಇದ್ರೆ 15-17 ಅಡಿ ಅಷ್ಟೇ. ಉತ್ತರದ ಗೋಡೇಲಿ ಕಿಟಕಿನ 10 ಅಡಿವರೆಗೂ ಎತ್ತಿದ್ರಿಂದ 22 ಅಡಿ ಹಾಲ್‌ನ ಆ ಕೊನೇಲೂ ಹಗಲು ಲೈಟ್ ಬೇಕಾಗಲ್ಲ.

ಆದ್ರೂ ಅಕ್ಕಂಗೆ ಸಮಾಧಾನ ಇಲ್ಲ. ಗೋಡೆ ಏಳ್ತಿದ್ದ ಹಾಗೆ "ಕತ್ಲೆ ಗುಹೆ ಕಟ್ತಿದೀಯ ಕಣೋ" ಅಂತ ಶುರು. ಬೆಳಕನ್ನ ಲಕ್ಸ್ ಅನ್ನೋ ಮಾನದಲ್ಲಿ ಅಳೀತಾರೆ, ಹೊರಗೆ ನೇರ ಬಿಸಿಲು ಅಂದ್ರೆ ಒಂದು ಲಕ್ಷ ಲಕ್ಸ್, ಮೋಡ ಕವಿದಿದ್ರೂ ಹತ್ತು ಸಾವಿರ, ಓದೋಕೆ ಬೇಕಾಗಿರೋದು ಮುನ್ನೂರರಿಂದ ಐನೂರು. ಬೆಳಕಿಗೆ ಬರ ಇಲ್ಲ, ಕಣ್ಣಿಗೆ ತೊಂದರೆ ಕೊಡೋದು ಪಕ್ಕಪಕ್ಕದ ವ್ಯತ್ಯಾಸ. ಕಪ್ಪು ಗೋಡೆ ಮಧ್ಯ ಒಂದು ಹೊಳೆಯೋ ತೂತು ಇದ್ರೆ ರೂಮೆಲ್ಲ ಕತ್ತಲೆ ಅನ್ಸುತ್ತೆ. ಅದಕ್ಕೆ ಬೆಡ್‌ರೂಮ್ ಕಿಟಕಿಗಳನ್ನ ಗೋಡೆ ಮಧ್ಯ ಇಡದೆ ಮೂಲೆಗೆ ಒತ್ತಿಟ್ಟೆ, ಪಕ್ಕದ ಅಡ್ಡಗೋಡೆಗೆ ಬೆಳಕು ಸವರಿಕೊಂಡು ಬರುತ್ತೆ, ಆ ಗೋಡೆನೇ ದೊಡ್ಡ ದೀಪ ಆಗುತ್ತೆ. ಕಿಟಕಿ ಒಳಗಿನ ಅಂಚುಗಳನ್ನ ಓರೆಯಾಗಿ ಪ್ಲಾಸ್ಟರ್ ಮಾಡಿಸ್ದೆ. ಒಂದು ವಿಷಯ ಮಾತ್ರ ಯೋಚಿಸಿರಲಿಲ್ಲ, ಪೂರ್ವದ ಬೆಡ್‌ರೂಮ್ ಹೊರಗೆ ಗಿಡ ದಟ್ಟವಾಗಿ ಬೆಳೆದ ಮೇಲೆ ಬೆಳಗ್ಗೆ ಏಳೂವರೆಗೆ ಬಿಳಿ ಸೀಲಿಂಗ್ ತಿಳಿ ಹಸಿರು ಆಗುತ್ತೆ.

ನಾನು ಎಡವಿದ್ದು ಊಟದ ಮೇಜಿನ ಮೇಲೆ. ಮಧ್ಯದ ಭಾಗಕ್ಕೆ ಕಿಟಕಿ ಇಲ್ಲ ಅಂತ ಸೂರಲ್ಲಿ 4 ಅಡಿ ಚೌಕದ ಸ್ಕೈಲೈಟ್ ಕೊಟ್ಟೆ, ಗಾಜು ಆಕಾಶಕ್ಕೆ ಮುಖ ಮಾಡಿ ಮಲಗಿತ್ತು. ಇಷ್ಟೆಲ್ಲ ಲೆಕ್ಕ ಹಾಕಿದೋನು ಇದನ್ನೇ ಮರೆತಿದ್ದೆ, 15 ಡಿಗ್ರಿ ಅಕ್ಷಾಂಶದಲ್ಲಿ ಮೇ 1ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲಿರ್ತಾನೆ, ಆಗಸ್ಟ್ 12ರ ಆಸುಪಾಸು ಇನ್ನೊಂದ್ಸಲ. ಅವರು ಮನೆಗೆ ಬಂದ ಮೊದಲ ಬೇಸಿಗೆ ನಾನು ಊಟಕ್ಕೆ ಹೋದ್ರೆ ಮೇಜಿನ ಮೇಲೆ ಕಾದ ಚೌಕ, ಸ್ಟೀಲ್ ಲೋಟ ಮುಟ್ಟೋ ಹಾಗಿಲ್ಲ, ತಲೆ ಎತ್ತಿ ನೋಡಿದ್ರೆ ಸ್ಕೈಲೈಟಿಗೆ ಹೂವಿನ ಡಿಸೈನ್ ಬೆಡ್‌ಶೀಟ್ ಕಟ್ಟಿದಾರೆ. ಅಕ್ಕ ಏನೂ ಮಾತಾಡ್ಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. ಆಮೇಲೆ ನನ್ನ ಖರ್ಚಲ್ಲೇ ಅದನ್ನ ತೆಗೆಸಿ, ಸುತ್ತ ಎರಡೂವರೆ ಅಡಿ ಗೋಡೆ ಎಬ್ಬಿಸಿ, ಮೇಲೆ ಸ್ಲ್ಯಾಬ್ ಮುಚ್ಚಿ, ಉತ್ತರದ ಬದಿಗೆ ಗಾಜನ್ನ ನಿಲ್ಲಿಸ್ದೆ, ಮೇಲೊಂದು ಚಿಕ್ಕ ಸಜ್ಜಾ. ಜೂನ್ ಮಧ್ಯಾಹ್ನ ಸೂರ್ಯ ಉತ್ತರಕ್ಕೆ ವಾಲಿದ್ರೂ 82 ಡಿಗ್ರಿ ಎತ್ತರದಲ್ಲಿರೋದ್ರಿಂದ ಅರ್ಧ ಅಡಿ ಸಜ್ಜಾನೇ ಸಾಕು.

ಕೊನೇದಾಗಿ ಒಂದು ಕದ್ದ ಐಡಿಯಾ. ಸಿಡ್ನಿ ಒಪೆರಾ ಹೌಸ್ ಡಿಸೈನ್ ಮಾಡಿದ ಯೊರ್ನ್ ಉಟ್ಜೋನ್ ತನಗೋಸ್ಕರ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕಟ್ಕೊಂಡ ಕ್ಯಾನ್ ಲಿಸ್ ಮನೇಲಿ, ಹಾಲ್‌ನ ಪಶ್ಚಿಮ ಗೋಡೆ ಮೇಲ್ಗಡೆ ಒಂದು ಸಣ್ಣ ಸೀಳು ಬಿಟ್ಟಿದಾನೆ, ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಅದರಿಂದ ಒಂದು ಬಿಸಿಲ ಕೋಲು ಓರೆಯಾಗಿ ಒಳಗೆ ಬೀಳುತ್ತೆ. ನಮ್ಮ ಪ್ಯಾಸೇಜಿನ ಪಶ್ಚಿಮ ಗೋಡೇಲಿ ನಾನೂ 4 ಇಂಚು ಅಗಲದ ಒಂದು ಸೀಳು ಬಿಟ್ಟೆ, ಗಾರೆಯವನು ಇಟ್ಟಿಗೆ ಮರೆತಿದಾರೆ ಅಂದ್ಕೊಂಡು ಒಂದ್ಸಲ ಮುಚ್ಚೇಬಿಟ್ಟಿದ್ದ, ಒಡೆಸಿ ತೆಗೆಸ್ದೆ. ಈಗ ಸಂಜೆ ಬೆಳಕಿನ ಪಟ್ಟಿ ಎದುರು ಗೋಡೆ ಮೇಲೆ ಮೆಲ್ಲಗೆ ಸರೀತಾ ಹೋಗುತ್ತೆ, ಅಕ್ಕನ ಮಗಳು ಐದು ಗಂಟೆಗೆ ಅದರ ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀತಾಳೆ. ಹೋದ ಸಲ ಹೋದಾಗ ಗೆರೆಗಳು ಸ್ವಿಚ್‌ಬೋರ್ಡ್ ದಾಟಿದ್ವು, ಅಕ್ಕ ಗೋಡೆಗೆ ಪೇಂಟ್ ಮಾಡಿಸ್ಬೇಕು ಅಂತಿದ್ಳು, ಮಗಳು ಬಿಡ್ತಿಲ್ಲ.