ಪಿಕಪ್‌ಗೆ ಹೊಸ ಟೈರ್ ಹಾಕಿಸುವ ಮುನ್ನ ಈ ಲೆಕ್ಕ ಮಾಡಿ

ಶಹಾಬಾದ್ ಕಡೆ ಪರಸಿ ಕಲ್ಲು ಲೋಡ್ ಮಾಡುವುದನ್ನು ಒಮ್ಮೆ ನಿಂತು ನೋಡಿ. ಎರಡಡಿ ಚೌಕದ, ಒಂದೂಕಾಲು ಇಂಚು ದಪ್ಪದ ಒಂದು ಕಲ್ಲು ಸುಮಾರು 31 ಕೆಜಿ ಬರುತ್ತದೆ. ಅಂಥ 38 ಕಲ್ಲುಗಳನ್ನು ಪಿಕಪ್‌ನಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ನಾಲ್ಕಡಿ ಜಾಗದಲ್ಲಿ ಮುಗಿದುಹೋಗುತ್ತದೆ. ಉಳಿದ ಅರ್ಧ ಗಾಡಿ ಖಾಲಿ ಕಾಣುತ್ತದೆ. "ಜಾಗ ಅದ ಅಲ್ರೀ, ಇನ್ನೊಂದ್ ಇಪ್ಪತ್ ಹಾಕ್ರಿ" ಅನ್ನುವ ಮಾತು ಬರುವುದು ಆಗಲೇ. ಆದರೆ ಆ 38 ಕಲ್ಲಿಗೇ ಹತ್ತಿರ ಹತ್ತಿರ 1,200 ಕೆಜಿ ಆಗಿದೆ. ಕಣ್ಣಿಗೆ ಕಾಣುವ ಜಾಗಕ್ಕೂ ಟೈರ್ ಹೊರುವ ಭಾರಕ್ಕೂ ಸಂಬಂಧವೇ ಇಲ್ಲ.

ಇದನ್ನು ನಾನು ಕಲಿತದ್ದು ನಮ್ಮ ಕಾಕಾನ ಗಾಡಿಯಿಂದ. ಮೇ ತಿಂಗಳ ಮಧ್ಯಾಹ್ನ, ಶಹಾಬಾದಿನಿಂದ ಕಲಬುರಗಿಗೆ ಬರುವಾಗ ಹಿಂದಿನ ಎಡಗಡೆ ಟೈರ್ ಒಡೆಯಿತು. ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ, ಟೈರಿನ ಗುಂಡಿಗಳು (ನೆಲಕ್ಕೆ ತಾಗುವ ಕಡೆಯ ಗೀರುಗಳು) ಹೊಸದರಂತೆ ಆಳವಾಗಿದ್ದವು, ಲೋಡ್ ಕೂಡ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಬರೆದಷ್ಟೇ ಇತ್ತು. ಗಾಡಿ ರಸ್ತೆ ಬಿಟ್ಟು ಪಕ್ಕದ ಹೊಲದ ಅಂಚಿಗೆ ಹೋಗಿ ನಿಂತಿತು. ಅರ್ಧಕ್ಕರ್ಧ ಕಲ್ಲು ಒಡೆದವು. ಕಾಕಾನಿಗೆ ಏನೂ ಆಗಲಿಲ್ಲ. ಸ್ಟೆಪ್ನಿ ಇಳಿಸಿ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು: ಎರಡೂ 215/75 ಆರ್15, ಅಳತೆ ಒಂದೇ. ಆದರೆ ಹಳೆಯ ಸ್ಟೆಪ್ನಿಯ ಮೇಲೆ ಎಲ್‌ಟಿ ಅಂತ ಇತ್ತು, ಅಳತೆಯ ಪಕ್ಕದಲ್ಲಿ 106 ಅಂತ ಇತ್ತು. ಒಡೆದ ಟೈರ್ ಮೇಲೆ ಬರೀ 100. ಅಂಗಡಿಯವರೂ ಓದಿರಲಿಲ್ಲ, ಕಾಕಾನೂ ಓದಿರಲಿಲ್ಲ. ಅವತ್ತು ಅಂಗಡಿಗೆ ಜೊತೆಗೆ ಹೋಗಿದ್ದ ನಾನೂ ಓದಿರಲಿಲ್ಲ.

ಹಾಗಾಗಿ ಟೈರ್ ಬದಲಿಸುವವರು ಮೊದಲು ಕಾಂಟಾಕ್ಕೆ (ಗಾಡಿ ತೂಗುವ ವೇಬ್ರಿಡ್ಜ್‌ಗೆ) ಹೋಗಿ, ಆಮೇಲೆ ಟೈರ್ ಅಂಗಡಿಗೆ.

ಖಾಲಿ ಗಾಡಿಯ ತೂಕ

ಆರ್‌ಸಿಯಲ್ಲಿ ಎರಡು ತೂಕ ಇರುತ್ತವೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸಮೇತ ಗರಿಷ್ಠ ಎಷ್ಟಿರಬಹುದು ಅನ್ನುವುದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಎಷ್ಟು ಹೇರಬಹುದು ಅಂತ ಸಿಗುತ್ತದೆ. ಆದರೆ ಗಾಡಿ ಬಂದ ಮೇಲೆ ನಾವು ಕಬ್ಬಿಣದ ಜಾಲಿ ಮಾಡಿಸಿರುತ್ತೇವೆ, ಮುಂದೆ ದಪ್ಪ ಬಂಪರ್ ಹಾಕಿಸಿರುತ್ತೇವೆ, ಸ್ಪ್ರಿಂಗ್ ಪಾಟಾ ಒಂದೆರಡು ಜಾಸ್ತಿ ಸೇರಿಸಿರುತ್ತೇವೆ. ಅದೆಲ್ಲ ನೀವು ಹೇರುವ ಮಾಲಿನ ಲೆಕ್ಕದಲ್ಲೇ ಕಡಿಮೆಯಾಗುತ್ತದೆ.

ಡೀಸೆಲ್ ತುಂಬಿಸಿ, ಡ್ರೈವರ್ ಸೀಟಿನಲ್ಲಿ ಕೂತು, ಕಾಂಟಾದ ಮೇಲೆ ಮೊದಲು ಮುಂದಿನ ಎರಡು ಗಾಲಿ ಮಾತ್ರ ಹತ್ತಿಸಿ ತೂಕ ತಗೊಳ್ಳಿ. ಆಮೇಲೆ ಇಡೀ ಗಾಡಿ ಹತ್ತಿಸಿ. ಇಡೀ ತೂಕದಲ್ಲಿ ಮುಂದಿನದನ್ನು ಕಳೆದರೆ ಹಿಂದಿನ ಆಕ್ಸಲ್ ಮೇಲೆ ಎಷ್ಟಿದೆ ಅಂತ ತಿಳಿಯುತ್ತದೆ. ಲೋಡ್ ತುಂಬಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ. ಎರಡು ಚೀಟಿ ಕೈಯಲ್ಲಿದ್ದರೆ ಸಾಕು.

ಕಾಕಾನ ಗಾಡಿ ಲೋಡ್ ಸಮೇತ 2,850 ಕೆಜಿ ಬಂತು. ಮುಂದೆ 1,000, ಹಿಂದೆ 1,850. ಈ 1,850 ಅನ್ನುವುದನ್ನು ನೆನಪಿಡಿ.

ಟೈರ್ ಪಕ್ಕದ ಬರಹ ಓದುವುದು

ಅಳತೆ ಆದ ಮೇಲೆ ಬರುವ ಎರಡು ಅಥವಾ ಮೂರು ಅಂಕಿಯೇ ಲೋಡ್ ಇಂಡೆಕ್ಸ್. ಅದು ಕೆಜಿ ಅಲ್ಲ, ಒಂದು ಸಂಕೇತ. 100 ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ. 104 ಅಂದರೆ 900, 106 ಅಂದರೆ 950, 108 ಅಂದರೆ 1,000, 112 ಅಂದರೆ 1,120 ಕೆಜಿ. 100ಕ್ಕೂ 106ಕ್ಕೂ ಅಂಕಿಯಲ್ಲಿ ಆರೇ ಹೆಚ್ಚು ಕಡಿಮೆ, ಏನ್ ಮಹಾ ಅನ್ನಿಸಬಹುದು. ಈಗ ಲೆಕ್ಕ ಹಾಕಿ: 106ರ ಎರಡು ಟೈರ್ ಸೇರಿದರೆ 1,900 ಕೆಜಿ. ಹಿಂದಿನ 1,850 ಅದರೊಳಗೆ ಕೂಡುತ್ತದೆ. 100ರ ಎರಡು ಟೈರ್ ಸೇರಿದರೆ 1,600 ಮಾತ್ರ. ಅಂದರೆ ಕಾಕಾ ಪ್ರತಿ ಟ್ರಿಪ್ಪಿನಲ್ಲೂ ಹಿಂದಿನ ಟೈರ್‌ಗಳ ಮೇಲೆ 250 ಕೆಜಿ ಜಾಸ್ತಿ ಹೇರುತ್ತಿದ್ದರು, ಅದೂ ಆರ್‌ಸಿ ಪ್ರಕಾರ ಸರಿಯಾದ ಲೋಡ್‌ನಲ್ಲೇ.

ಎಲ್‌ಟಿ ಅನ್ನುವುದು ಲೈಟ್ ಟ್ರಕ್. ಅದಿಲ್ಲದ ಅದೇ ಅಳತೆಯ ಟೈರ್ ಜೀಪಿಗೆ, ಜನ ಕೂರುವ ಗಾಡಿಗೆ ಮಾಡಿದ್ದು. ಅದು ಮೆತ್ತಗೆ ಓಡುತ್ತದೆ, ಬೆಲೆಯೂ ಕಡಿಮೆ ಇರುತ್ತದೆ, ಅದಕ್ಕೇ ಅಂಗಡಿಯಲ್ಲಿ ಅದನ್ನೇ ಮುಂದೆ ಮಾಡುತ್ತಾರೆ. ಮಾಲು ಹೇರುವ ಗಾಡಿಗೆ ಬೇಡ. 8ಪಿಆರ್ (ಪ್ಲೈ ರೇಟಿಂಗ್) ಅಂತ ಬರೆದಿದ್ದರೆ ಒಳಗೆ ಎಂಟು ಪದರ ಇವೆ ಅಂತಲ್ಲ, ಅಷ್ಟು ಗಟ್ಟಿ ಅಂತ ಅರ್ಥ. ಲೋಡ್ ಇಂಡೆಕ್ಸ್ ಆದ ಮೇಲಿನ ಅಕ್ಷರ ಗರಿಷ್ಠ ವೇಗದ್ದು: ಎಲ್ ಅಂದರೆ ಗಂಟೆಗೆ 120 ಕಿ.ಮೀ., ಎನ್ ಅಂದರೆ 140.

ತಾರೀಖನ್ನೂ ನೋಡಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಾಗಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ, ನಮ್ಮ ಬಿಸಿಲಿಗೆ ಪಕ್ಕದಲ್ಲಿ ಸಣ್ಣ ಬಿರುಕು ಬೇಗ ಕಾಣಿಸುತ್ತವೆ. ಗುಂಡಿಯ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೂ ಆ ಟೈರ್ ಮುಗಿಯಿತು. ಗುಂಡಿಯೊಳಗೆ ಸಣ್ಣ ಉಬ್ಬು ಇರುತ್ತದೆ, ಸವೆದು ಅದಕ್ಕೆ ಸಮ ಬಂದರೆ ಬದಲಿಸಿ.

ದೊಡ್ಡ ಟೈರ್ ಹಾಕಿದರೆ ಜಾಸ್ತಿ ಹೊರುತ್ತಾ?

ಇಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಗಾಡಿ ಎಷ್ಟು ಹೊರಬೇಕು ಅನ್ನುವುದು ಸ್ಪ್ರಿಂಗ್, ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಎಲ್ಲ ಸೇರಿ ಆಗುವ ಲೆಕ್ಕ. ಟೈರ್ ಗಟ್ಟಿಯಾದರೆ ಟೈರ್ ಒಡೆಯುವುದಿಲ್ಲ, ಅಷ್ಟೇ. ಆರ್‌ಸಿಯಲ್ಲಿರುವ ತೂಕ ಒಂದು ಕೆಜಿಯೂ ಏರುವುದಿಲ್ಲ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಗಾಡಿಗೆ ಎಂಥ ಟೈರ್ ಹಾಕಿದ್ದೀರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಎಳೆಯುವ ಶಕ್ತಿ. 215/75 ಆರ್15 ಟೈರ್ ಸುಮಾರು 703 ಮಿ.ಮೀ. ಎತ್ತರ. 235/75 ಆರ್15 ಹಾಕಿದರೆ 733 ಆಗುತ್ತದೆ. ನೂರಕ್ಕೆ ನಾಲ್ಕು ಜಾಸ್ತಿ. ಎತ್ತರದ ಗಾಲಿ ಉದ್ದ ಸನಿಕೆ ಇದ್ದ ಹಾಗೆ, ಹಿಡಿಕೆ ಉದ್ದವಾದಷ್ಟೂ ತುದಿಯ ಭಾರ ಎತ್ತುವುದು ಕಷ್ಟ. ಇಂಜಿನ್ ಅದೇ, ಗೇರ್ ಅದೇ, ನೆಲಕ್ಕೆ ಸಿಗುವ ಎಳೆತ ನೂರಕ್ಕೆ ನಾಲ್ಕು ಕಡಿಮೆ. ಕಲ್ಲಿನ ಗಣಿಯ ಏರಿನಲ್ಲಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಒಂದನೇ ಗೇರ್ ಕೇಳುತ್ತದೆ, ಕ್ಲಚ್ ಸುಡುತ್ತದೆ. ಬ್ರೇಕಿನ ಹಿಡಿತಕ್ಕೂ ಅದೇ ಲೆಕ್ಕ. ಮೀಟರ್ 60 ತೋರಿಸುವಾಗ ಗಾಡಿ 62ಕ್ಕಿಂತ ಜಾಸ್ತಿ ಓಡುತ್ತಿರುತ್ತದೆ.

ಟೈರೂ ರಿಮ್ಮೂ ಸೇರಿ ಗಾಲಿಗೆ 8 ಕೆಜಿ ಭಾರ ಹೆಚ್ಚಾಯಿತು ಅಂತಿಟ್ಟುಕೊಳ್ಳಿ. ಸ್ಟೆಪ್ನಿ ಸೇರಿ ಐದಕ್ಕೆ 40 ಕೆಜಿ. ಗಂಜ್‌ಗೆ ತೊಗರಿ ಒಯ್ಯುವವರಿಗೆ 50 ಕೆಜಿಯ ಒಂದು ಚೀಲ ಹತ್ತಿರ ಹತ್ತಿರ ಕಡಿಮೆ ಆದಂತೆ, ಅದೂ ದಿನಾ.

ರಿಮ್

ರಿಮ್‌ಗೂ ಹೊರುವ ಮಿತಿ ಇದೆ. ಟೈರ್ 950 ಕೆಜಿ ಹೊತ್ತು ರಿಮ್ 700ರದ್ದಾದರೆ ಗಾಲಿಯ ಮಿತಿ 700 ಅಂತಲೇ. ಚಂದ ಕಾಣುತ್ತದೆ ಅಂತ ಕಾರಿನ ಅಲಾಯ್ ಹಾಕಿಸುವುದು, ಗಾಲಿ ಹೊರಗೆ ಚಾಚಿಕೊಳ್ಳುವಂಥ ರಿಮ್ ಹಾಕಿಸುವುದು ಮಾಲಿನ ಗಾಡಿಗೆ ಒಳ್ಳೆಯದಲ್ಲ. ಗಾಲಿ ಹೊರಗೆ ಚಾಚಿದಷ್ಟೂ ಹಬ್ ಬೇರಿಂಗ್ ಮೇಲೆ ಭಾರ ವಾಲುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಹಳೆಯ ರಿಮ್ ಆದರೆ ನಟ್ಟಿನ ತೂತುಗಳ ಸುತ್ತ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ವೆಲ್ಡಿಂಗ್ ಮಾಡಿಸಬೇಡಿ, ರಿಮ್ಮನ್ನೇ ಬದಲಿಸಿ. ಗಾಲಿ ಬಿಚ್ಚಿ ಹಾಕಿದ ಮೇಲೆ 50 ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಆರು ಗಾಲಿ ಲಾರಿಯವರಿಗೆ

ಲಾರಿ ಟೈರ್ ಮೇಲೆ 146/143 ಅಥವಾ 152/148 ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿ ಹಾಕಿದಾಗ. ಜೋಡಿಯಲ್ಲಿ ಒಂದೊಂದು ಟೈರಿನ ಪಾಲು ಕಡಿಮೆ, ಯಾಕೆಂದರೆ ಎರಡೂ ಯಾವತ್ತೂ ಸರಿಸಮ ಹೊರುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿತು. ಎರಡು ಟೈರಿನ ಮುಂದಿನ ಆಕ್ಸಲ್‌ಗೆ 6 ಟನ್ ಇದ್ದದ್ದು 7 ಆಯಿತು, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 10.2 ಇದ್ದದ್ದು 11.5 ಆಯಿತು. 146 ಅಂದರೆ 3,000 ಕೆಜಿ, ಎರಡಕ್ಕೆ 6 ಟನ್. 143 ಅಂದರೆ 2,725, ನಾಲ್ಕಕ್ಕೆ 10.9 ಟನ್. ಅಂದರೆ ಈ ಟೈರ್ ಹಳೆಯ ಮಿತಿಗೆ ಸರಿ, ಹೊಸದಕ್ಕೆ ಸಾಲದು. 152 ಅಂದರೆ 3,550, ಎರಡಕ್ಕೆ 7.1 ಟನ್. 148 ಅಂದರೆ 3,150, ನಾಲ್ಕಕ್ಕೆ 12.6. ಸೇಡಂ, ವಾಡಿ ಕಡೆಯಿಂದ ಸಿಮೆಂಟ್ ಹೊಡೆಯುವವರು ಹಳೆಯ ಅಂಕಿಯ ಟೈರ್ ಹಾಕಿಕೊಂಡು ಹೊಸ ಮಿತಿಯ ಲೋಡ್ ತುಂಬಿಸಬೇಡಿ.

ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದ ಟೈರೇ ಭಾರವೆಲ್ಲ ಹೊರುತ್ತದೆ. ಗಣಿಯಿಂದ ಹೊರಗೆ ಬಂದ ಕೂಡಲೇ ಇಳಿದು ಎರಡು ಟೈರ್ ನಡುವೆ ಕಲ್ಲು ಸಿಕ್ಕಿದೆಯಾ ನೋಡಿ. ರೀಟ್ರೆಡ್ ಟೈರ್ (ಸವೆದದ್ದಕ್ಕೆ ಹೊಸ ರಬ್ಬರ್ ಹಾಕಿಸಿದ್ದು) ಇದ್ದರೆ ಹಿಂದೆ ಹಾಕಿ, ಮುಂದೆ ಬೇಡವೇ ಬೇಡ.

ಹವಾ

ಲೋಡ್ ಇಂಡೆಕ್ಸ್ ಹೇಳುವ ಭಾರ ಸಿಗುವುದು ಕಂಪನಿ ಹೇಳಿದಷ್ಟು ಹವಾ ಇದ್ದಾಗ ಮಾತ್ರ. ಬಾಗಿಲ ಪಕ್ಕದ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಅಂತ ಬರೆದಿರುತ್ತದೆ. ಹವಾ ಕಡಿಮೆ ಇದ್ದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಅದರಿಂದಲೇ ಬಿಸಿ ಹುಟ್ಟುತ್ತದೆ. ಹೊರಗೆ 42 ಡಿಗ್ರಿ ಬಿಸಿಲು, ಕೆಳಗೆ ಕಾದ ಡಾಂಬರು, ಮೇಲೆ ಕಲ್ಲಿನ ಲೋಡು. ನಮ್ಮ ಬೇಸಿಗೆಯಲ್ಲಿ ಟೈರ್ ಒಡೆಯುವುದಕ್ಕೆ ಹವಾ ಜಾಸ್ತಿಯಾದದ್ದು ಕಾರಣ ಅಂತ ಜನ ಹೇಳುತ್ತಾರೆ. ಬಹಳ ಸಲ ಕಡಿಮೆಯಾದದ್ದೇ ಕಾರಣ.

ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ಚೆಕ್ ಮಾಡಿಸಿ. ಆಗ 60 ಪಿಎಸ್‌ಐ ಇದ್ದದ್ದು ಹುಮನಾಬಾದ್ ತಲುಪುವ ಹೊತ್ತಿಗೆ 66, 67 ತೋರಿಸಬಹುದು. ಅದು ಸಹಜ. ಜಾಸ್ತಿ ಆಯಿತು ಅಂತ ಅಲ್ಲಿ ಹವಾ ಬಿಡಿಸಬೇಡಿ, ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ.

ಟ್ರಾಲಿ ಎಳೆಯುವವರಿಗೆ

ಬೀದರ್ ಕಡೆ, ಆಳಂದ, ಅಫಜಲಪುರ ಕಡೆ ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ ಕಾಣುತ್ತವೆ. ಟ್ರ್ಯಾಕ್ಟರ್ ಎಷ್ಟು ಎಚ್‌ಪಿ ಅನ್ನುವುದೊಂದೇ ಲೆಕ್ಕವಲ್ಲ. ಎಳೆತ ನೆಲಕ್ಕೆ ಇಳಿಯುವುದು ಹಿಂದಿನ ದೊಡ್ಡ ಗಾಲಿಗಳಿಂದ, ನಿಲ್ಲಿಸುವುದೂ ಅವುಗಳಿಂದಲೇ, ಯಾಕೆಂದರೆ ಬಹಳಷ್ಟು ಟ್ರಾಲಿಗಳಿಗೆ ಬ್ರೇಕೇ ಇರುವುದಿಲ್ಲ. ಹಿಂದಿನ ಟೈರ್ ಬೋಳಾಗಿದ್ದರೆ ಎಂಥ ಇಂಜಿನ್ ಇದ್ದರೂ ಎರೆ ಹೊಲದ ಬದುವಿನಲ್ಲಿ ಸುಮ್ನೆ ತಿರುಗುತ್ತದೆ.

ಎರಡು ಗಾಲಿಯ ಟ್ರಾಲಿ ಆದರೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಲೋಡ್ ಹಿಂದಕ್ಕೆ ಜಾಸ್ತಿಯಾದರೆ ಕೊಂಡಿ ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಗುರಾಗಿ ಜಾರುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಟ್ರ್ಯಾಕ್ಟರಿನ ಮೂತಿ ಏಳುತ್ತದೆ, ಸ್ಟೀರಿಂಗ್ ಕೇಳುವುದಿಲ್ಲ. ಕೊಂಡಿಯನ್ನು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಡ್ರಾಬಾರ್‌ಗೇ (ಎಳೆಯುವ ಪಟ್ಟಿಗೇ) ಹಾಕಿ, ಆಕ್ಸಲ್‌ಗಿಂತ ಮೇಲೆ ಎಲ್ಲೂ ಕಟ್ಟಬೇಡಿ.

ಹೊಲದಲ್ಲಿ ಹಿಂದಿನ ಟೈರಿಗೆ 12ರಿಂದ 14 ಪಿಎಸ್‌ಐ ಇಟ್ಟುಕೊಂಡಿರುತ್ತಾರೆ, ಮೆತ್ತಗಿದ್ದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಅದೇ ಹವಾದಲ್ಲಿ ಟ್ರಾಲಿ ಕಟ್ಟಿಕೊಂಡು ಮೂವತ್ತು ಕಿ.ಮೀ. ದೂರದ ಕಾರ್ಖಾನೆಗೆ ಹೊರಟರೆ ಟೈರ್ ತಿಂದುಹೋಗುತ್ತದೆ. ರಸ್ತೆಗೆ ಇಳಿಯುವ ಮುಂಚೆ ಪುಸ್ತಕದಲ್ಲಿ ಹೇಳಿದಷ್ಟು ಹವಾ ಹಾಕಿಸಿ.

ಟ್ರಾಲಿಗೆ ಲಾರಿಯಿಂದ ಬಿಚ್ಚಿದ ಹಳೇ ಟೈರ್ ಹಾಕುವ ರೂಢಿ ನಮ್ಮಲ್ಲಿದೆ. ಹಾಕಲೇಬೇಕಾದರೆ ಆಕ್ಸಲ್‌ನ ಎರಡೂ ಕಡೆ ಒಂದೇ ಅಳತೆ, ಒಂದೇ ಸವೆತದ್ದು ಹಾಕಿ, ಅಂಕಿ ಮತ್ತು ತಾರೀಖು ಓದಿ. ಸೀಸನ್ ಶುರುವಾಗುವ ಮುಂಚೆ ಹಬ್ ಬಿಚ್ಚಿಸಿ ಗ್ರೀಸ್ ತುಂಬಿಸಿ. ಮೊದಲ ಟ್ರಿಪ್ಪಿನಲ್ಲಿ ಹತ್ತು ಕಿ.ಮೀ. ಹೋದ ಮೇಲೆ ನಿಲ್ಲಿಸಿ, ನಾಲ್ಕೂ ಹಬ್ಬಿಗೆ ಕೈ ಹತ್ತಿರ ಒಯ್ದು ಮೆಲ್ಲಗೆ ಮುಟ್ಟಿ ನೋಡಿ. ಮೂರು ಬೆಚ್ಚಗಿದ್ದು ಒಂದು ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಲೋಡ್ ಅಲ್ಲೇ ಇಳಿಸಿ ಆ ಗಾಲಿ ಬಿಚ್ಚಿಸಿ.