ಹೃದಯದ ನೆರಳಲ್ಲ ಅದು

ಎಕ್ಸ್‌ರೇಯಲ್ಲಿ ಹೃದಯದ ನೆರಳು ಎದೆಯ ಮುಕ್ಕಾಲು ಭಾಗ ತುಂಬಿತ್ತು. "ಹಾರ್ಟ್ ದೊಡ್ದಾಗದೆ ಅಂದವ್ರೆ ಸಾರ್," ಅಂದ ಆತ. ರೇಷ್ಮೆ ಬೆಳೆಗಾರ, 32 ವರ್ಷ. ಸೊಪ್ಪಿನ ಹೊರೆ ಹೊತ್ತು ಹುಳುಮನೆ ತಲುಪುವಷ್ಟರಲ್ಲಿ ಏದುಸಿರು. ಎಂಟು ತಿಂಗಳಿಂದ ನೀರಿಳಿಸುವ ಮಾತ್ರೆ ನುಂಗುತ್ತಿದ್ದ. ಆದರೆ ಕಾಲಲ್ಲಿ ಬಾವಿಲ್ಲ, ಕತ್ತಿನ ನರ ಉಬ್ಬಿಲ್ಲ. ಹೃದಯದ ಸ್ಕ್ಯಾನ್, ಎಕೋ ಮಾಡಿಸಿದೆ. ಹೃದಯ ನೆಟ್ಟಗಿತ್ತು.

ಸಿ.ಟಿ. ಸ್ಕ್ಯಾನ್ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ಈ ನೆರಳು ಮೈನಸ್ 90ರ ಆಸುಪಾಸು. ಅಂದರೆ ಕೊಬ್ಬು. ಹೃದಯದ ಎರಡೂ ಬದಿಗೆ ಇಳಿಬಿದ್ದು, ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಮೇಲೆ ಕೂತಿತ್ತು. ವಪೆಯ ಮುಂದಿನ ಸಂದಿಯಿಂದ ಹೊಟ್ಟೆಯ ಕೊಬ್ಬು ಎದೆಗೆ ನುಗ್ಗುವುದುಂಟು. ಅದೇ ಇರಬೇಕು ಅಂತ 'ಮೋರ್ಗಾನಿ ಹರ್ನಿಯಾ' ಎಂದು ಬರೆದೂಬಿಟ್ಟೆ. ಸಂಜೆ ರೇಡಿಯಾಲಜಿಸ್ಟ್ ಫೋನ್ ಮಾಡಿದರು. "ಡಾಕ್ಟ್ರೇ, ರಕ್ತನಾಳ ನೋಡಿದ್ರಾ?" ನೋಡಿರಲಿಲ್ಲ. ಹೊಟ್ಟೆಯ ಕೊಬ್ಬಾಗಿದ್ದರೆ ಅದರ ನಾಳವೂ ಜೊತೆಗೇ ಬರಬೇಕಿತ್ತು. ವಪೆ ದಾಟಿ ಬಂದ ನಾಳ ಒಂದೂ ಇಲ್ಲ. ಗಡ್ಡೆಯ ತೊಟ್ಟು ಇದ್ದಿದ್ದು ಮೇಲೆ, ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯ ಕಡೆ. ಕೊಬ್ಬಿನ ನಡುನಡುವೆ ನಾರಿನಂಥ ಗೆರೆಗಳು ಬೇರೆ. ಥೈಮೋಲಿಪೋಮಾ, ಅಂದರೆ ಥೈಮಸ್ಸಿನ ಕೊಬ್ಬಿನ ಗಡ್ಡೆ.

ಸೂಜಿ ಚುಚ್ಚಿ ಪರೀಕ್ಷಿಸಲಿಲ್ಲ. ಸುಮ್ನೆ ಒಂದು ಚೂರು ಕೊಬ್ಬು ಬರುತ್ತೆ, ಅಷ್ಟರಿಂದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗಲ್ಲ. ಇಡೀ ಗಡ್ಡೆಯನ್ನೇ ತೆಗೆಯಬೇಕು. ಅದಕ್ಕೂ ಮುಂಚೆ, ಸ್ನಾಯುಗಳ ಬಲ ಕುಂದಿಸುವ ಮಯಸ್ತೇನಿಯಾ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿದೆ. ಈ ಗಡ್ಡೆ ಇರುವ ಕೆಲವರಿಗೆ ಅದೂ ಇರುತ್ತದೆ. ತಿಳಿಯದೆ ಅರಿವಳಿಕೆ ಕೊಟ್ಟರೆ ಆಮೇಲೆ ಉಸಿರಾಟಕ್ಕೆ ಪರದಾಟ. ಈತನಿಗೆ ಇರಲಿಲ್ಲ. ಮಲಗಿದರೆ ಎದೆ ಒತ್ತುತ್ತಿತ್ತು, ಹಾಗಾಗಿ ಅರಿವಳಿಕೆ ವೈದ್ಯರು ಅರ್ಧ ಕೂರಿಸಿಯೇ ನಿದ್ದೆ ಬರಿಸಿದರು.

ಎದೆಮೂಳೆ ಸೀಳಿದಾಗ ಕಂಡಿದ್ದು ತೆಳು ಪೊರೆಯ ಹಳದಿ ಮುದ್ದೆ. ಬೆರಳಿಟ್ಟ ಕಡೆ ಸರಿದು ಜಾಗ ಕೊಡುತ್ತಿತ್ತು. ಇಷ್ಟು ಮೆತ್ತಗಿರೋದಕ್ಕೇ ಅಲ್ವಾ ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಬೆಳೆದಿದ್ದು. ಬಹುಪಾಲು ಹಲಸಿನ ತೊಳೆ ಬಿಡಿಸಿದ ಹಾಗೆ ಬಿಟ್ಟುಕೊಂಡಿತು. ಕಷ್ಟ ಕೊಟ್ಟಿದ್ದು ಎಡಗಡೆಯ ಫ್ರೆನಿಕ್ ನರ. ವಪೆಯನ್ನು ಆಡಿಸುವುದು ಅದೇ. ಹಳದಿ ಕೊಬ್ಬಿನೊಳಗೆ ಒಂದು ಬಿಳಿ ದಾರ, ಅಷ್ಟೇ. ಬಿಸಿ ತಾಗಿದರೂ ಕೆಟ್ಟೀತು ಅಂತ, ಸುಟ್ಟು ಕತ್ತರಿಸುವ ಕಾಟರಿ ಪಕ್ಕಕ್ಕಿಟ್ಟು, ಕತ್ತರಿ ಮತ್ತು ಕ್ಲಿಪ್‌ನಲ್ಲೇ ಬಿಡಿಸಿದೆ. ಒಂದು ಗೇಣು ನರಕ್ಕೆ 40 ನಿಮಿಷ ಹಿಡಿಯಿತು.

ಗಡ್ಡೆ 1.6 ಕಿಲೋ ತೂಗಿತು. ಲ್ಯಾಬ್ ವರದಿಯಲ್ಲಿ ಬಲಿತ ಕೊಬ್ಬು, ನಡುವೆ ಥೈಮಸ್ಸಿನ ಗುರುತಾದ ಹ್ಯಾಸಲ್ ಕಣಗಳು. ಕ್ಯಾನ್ಸರ್ ಅಲ್ಲ.

ಮೂರು ತಿಂಗಳಾದ ಮೇಲೆ ಬಂದ. ಎರಡು ಹೊರೆ ಹೊರುತ್ತಿದ್ದೇನೆ ಅಂದ. ಎಕ್ಸ್‌ರೇಯಲ್ಲಿ ಎರಡೂ ಕಡೆಯ ವಪೆ ಸರಿಯಾದ ಮಟ್ಟದಲ್ಲೇ ಇತ್ತು. ಎದ್ದು ಹೊರಟವನು ಬಾಗಿಲಲ್ಲಿ ನಿಂತು ಕೇಳಿದ, "ಆ ನೀರಿಳಿಸೋ ಮಾತ್ರೆ ಇನ್ನೂ ಎಷ್ಟು ದಿನ ಸಾರ್?"

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. ನಿಲ್ಲಿಸಿ ಅಂತ ನಾನು ಬರೆದೇ ಇರಲಿಲ್ಲ.