ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಾಲುದಾರಿಗಳನ್ನು ವರ್ಗೀಕರಿಸುವ ಬಗೆ

ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ, 2004ರಲ್ಲಿ ಆರಂಭವಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆದ್ದಾರಿಯಿಂದ ಹಿಡಿದು ಕಾಡಿನ ಕಿರುದಾರಿಯವರೆಗೆ ಎಲ್ಲಕ್ಕೂ ‘ಹೈವೇ’ ಎಂಬ ಒಂದೇ ಟ್ಯಾಗ್ (ನಕ್ಷೆಯ ರೇಖೆಗೆ ಅಂಟಿಸುವ ಗುರುತುಪಟ್ಟಿ) ಬಳಕೆಯಲ್ಲಿದೆ. ದಾರಿಯ ಬಗೆಯನ್ನು ತಿಳಿಸುವುದು ಅದರ ಮೌಲ್ಯ. ಅನುಮಾನಕ್ಕೆ ಎಡೆಯಿಲ್ಲದ ಬಗೆಗಳನ್ನು ಮೊದಲು ಬೇರ್ಪಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ. ಮೆಟ್ಟಿಲುಗಳಿದ್ದರೆ ‘ಸ್ಟೆಪ್ಸ್’, ವಾಹನ ಸಂಚರಿಸುವಷ್ಟು ಅಗಲವಿದ್ದೂ ನಡೆಯುವವರಿಗೇ ಮೀಸಲಾದ ಬೀದಿಯಾದರೆ ‘ಪೆಡೆಸ್ಟ್ರಿಯನ್’, ಹೊಲಗದ್ದೆಗೋ ಅರಣ್ಯಕ್ಕೋ ಟ್ರ್ಯಾಕ್ಟರ್ ಹೋಗುವ ದಾರಿಯಾದರೆ, ಅಲ್ಲಿ ಜನ ಎಷ್ಟೇ ನಡೆದಾಡುತ್ತಿರಲಿ, ಅದು ‘ಟ್ರ್ಯಾಕ್’.

ಉಳಿಯುವುದು ‘ಫುಟ್‌ವೇ’ ಮತ್ತು ‘ಪಾತ್’ ನಡುವಿನ ಆಯ್ಕೆ. ನಕ್ಷೆಗಾರರ ಚರ್ಚೆ ಇಂದಿಗೂ ಮುಗಿಯದಿರುವುದು ಇಲ್ಲಿಯೇ. ಮುಖ್ಯವಾಗಿ ನಡೆಯುವವರಿಗಾಗಿಯೇ ಇರುವ ದಾರಿಗೆ, ಉದಾಹರಣೆಗೆ ಉದ್ಯಾನದೊಳಗಿನ ದಾರಿಗೆ, ‘ಫುಟ್‌ವೇ’ ಒಪ್ಪುತ್ತದೆ. ನಡೆಯುವವರೂ ಸೈಕಲ್ ಸವಾರರೂ ಹಂಚಿಕೊಳ್ಳುವ ದಾರಿಗೆ ಅಥವಾ ಬೆಟ್ಟ-ಕಾಡುಗಳಲ್ಲಿ ಹಾಯುವ ಕಿರುದಾರಿಗೆ ‘ಪಾತ್’ ರೂಢಿಯಲ್ಲಿದೆ. ಆದರೆ ಈ ರೂಢಿ ಎಲ್ಲೆಡೆ ಒಂದೇ ಆಗಿಲ್ಲದ ಕಾರಣ, ಇವೆರಡರಲ್ಲಿ ಯಾವುದು ಸರಿಯೆಂದು ವಾದಿಸುವುದಕ್ಕಿಂತ ಪೂರಕ ಟ್ಯಾಗ್‌ಗಳನ್ನು ತುಂಬುವುದು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ನೆಲ ಮಣ್ಣಿನದೋ, ಜಲ್ಲಿಯದೋ, ಡಾಂಬರಿನದೋ ಎಂಬುದನ್ನು ‘ಸರ್ಫೇಸ್’ ತಿಳಿಸುತ್ತದೆ. ಅಗಲವನ್ನು ‘ವಿಡ್ತ್’ನಲ್ಲಿ ಮೀಟರ್‌ಗಳಲ್ಲಿ ಬರೆಯಬೇಕು. ಚಾರಣದ ದಾರಿಯಾದರೆ ಅದರ ಜಾಡು ನೆಲದ ಮೇಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ‘ಟ್ರೇಲ್ ವಿಸಿಬಿಲಿಟಿ’, ಅದರಲ್ಲಿ ಸಾಗುವುದು ಎಷ್ಟು ಕಠಿಣ ಎಂಬುದಕ್ಕೆ ‘ಎಸ್‌ಎಸಿ ಸ್ಕೇಲ್’ ಇವೆ. ಈ ಎರಡನ್ನು ಉಪಗ್ರಹ ಚಿತ್ರ ನೋಡಿ ಊಹಿಸಬಾರದು. ಮರಗಳ ನೆರಳಿನಲ್ಲಿ ಮರೆಯಾದ ಜಾಡು ಹೇಗಿದೆಯೆಂಬುದು ನಡೆದು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಅನುಮತಿಯ ಪ್ರಶ್ನೆ ಇದರಿಂದ ಬೇರೆಯದು. ದಾರಿ ಕಣ್ಣಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ಅಲ್ಲಿ ನಡೆಯುವ ಹಕ್ಕಿದೆ ಎಂದಾಗುವುದಿಲ್ಲ. ಜಮೀನಿನ ಒಡೆಯರ ಸಮ್ಮತಿಯಿಂದ ಮಾತ್ರ ತೆರೆದಿರುವ ದಾರಿಗೆ ‘ಫುಟ್’ ಟ್ಯಾಗ್‌ನ ಮೌಲ್ಯ ‘ಪರ್ಮಿಸಿವ್’, ಹೊರಗಿನವರಿಗೆ ಪ್ರವೇಶವಿಲ್ಲದಿದ್ದರೆ ‘ಪ್ರೈವೇಟ್’. ಯಾರೂ ನಿರ್ಮಿಸದೆ, ಜನ ಅಡ್ಡ ಹಾಯ್ದು ಹಾಯ್ದು ಸವೆದು ಮೂಡಿದ ದಾರಿಯಾದರೆ ‘ಇನ್‌ಫಾರ್ಮಲ್’ ಎಂಬುದಕ್ಕೆ ‘ಯೆಸ್’ ಎಂದು ಸೇರಿಸಬೇಕು.

ರಸ್ತೆಬದಿಯ ಪಾದಚಾರಿ ಮಾರ್ಗವನ್ನು ಗುರುತಿಸಲು ಎರಡು ಕ್ರಮಗಳಿವೆ. ರಸ್ತೆಯ ರೇಖೆಗೇ ‘ಸೈಡ್‌ವಾಕ್’ ಟ್ಯಾಗ್ ಸೇರಿಸಿ ಎಡ, ಬಲ ಅಥವಾ ಎರಡೂ ಬದಿ ಎಂದು ಸೂಚಿಸಬಹುದು; ಇಲ್ಲಿ ಎಡಬಲಗಳು ರೇಖೆಯನ್ನು ಎಳೆದ ದಿಕ್ಕಿಗೆ ಅನುಗುಣವಾಗಿರುತ್ತವೆ. ಇಲ್ಲವೇ ಅದನ್ನು ಪ್ರತ್ಯೇಕ ‘ಫುಟ್‌ವೇ’ಯಾಗಿ ಎಳೆದು, ರಸ್ತೆಯ ‘ಸೈಡ್‌ವಾಕ್’ ಟ್ಯಾಗ್‌ನಲ್ಲಿ ‘ಸೆಪರೇಟ್’ ಎಂದು ನಮೂದಿಸಬಹುದು. ಎರಡನೆಯ ಕ್ರಮ ಗಾಲಿಕುರ್ಚಿ ಬಳಸುವವರಿಗೆ ಬೇಕಾದ ಅಂಚುಕಲ್ಲು, ಇಳಿಜಾರುಗಳ ವಿವರಕ್ಕೆ ಹೆಚ್ಚು ಅನುಕೂಲಕರವಾದರೂ, ರಸ್ತೆ ದಾಟುವ ಸ್ಥಳಗಳನ್ನೂ ಎಳೆದು, ರೇಖೆಗಳು ಸಂಧಿಸುವೆಡೆ ಒಂದೇ ಬಿಂದುವಿನಲ್ಲಿ ಜೋಡಿಸುವ ಹೊಣೆ ಅದರೊಂದಿಗೆ ಬರುತ್ತದೆ. ಆ ಬಿಂದುವಿಲ್ಲದಿದ್ದರೆ, ಪರದೆಯ ಮೇಲೆ ರೇಖೆಗಳು ಕೂಡಿದಂತೆ ಕಂಡರೂ ಮಾರ್ಗಸೂಚಿ ತಂತ್ರಾಂಶವು ನಡೆಯುವವರನ್ನು ಸುತ್ತುದಾರಿಗೆ ಕಳುಹಿಸುತ್ತದೆ.